ಅಂಡಾಣುವಿನ ಪಕ್ಕದ ಗುಳ್ಳೆ

ನಾನು ಐವಿಎಫ್ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್, ಅಂದರೆ ದೇಹದ ಹೊರಗೆ ಅಂಡಾಣು, ವೀರ್ಯಾಣು ಸೇರಿಸಿ ಭ್ರೂಣ ಬೆಳೆಸುವವಳು/ವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಮೈಕ್ರೋಸ್ಕೋಪಿನಲ್ಲಿ ಅಂಡಾಣುಗಳನ್ನು ವಿಂಗಡಿಸುತ್ತಿದ್ದೆ. ಒಂದು ಅಂಡಾಣು ದುಂಡಗೆ, ತಿಳಿಯಾಗಿ, ತುಂಬಾ ಚೆನ್ನಾಗಿತ್ತು. 'ಇದು ರೆಡಿ' ಅಂದೆ. ಹಿರಿಯರೊಬ್ಬರು ಬಂದು ಇಣುಕಿ ನೋಡಿ, 'ಗುಳ್ಳೆ ಎಲ್ಲಿ?' ಎಂದು ಕೇಳಿದರು.

ಗುಳ್ಳೆ ಇರಲಿಲ್ಲ.

ಅದರ ಹೆಸರು ಪೋಲಾರ್ ಬಾಡಿ. ಓದುವಾಗ ಅದನ್ನು ಚಿತ್ರದ ಮೂಲೆಯ ಚುಕ್ಕೆ ಅಂತ ಸುಮ್ನೆ ದಾಟಿಬಿಟ್ಟಿದ್ದೆ. ನಮ್ಮ ಕೆಲಸದಲ್ಲಿ ಅದೇ ದೊಡ್ಡ ಗುರುತು.

ನಮ್ಮ ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತ 46 ಎಳೆಗಳಿವೆ, ಇವೇ ಕ್ರೋಮೋಸೋಮ್; ಅಂದರೆ 23 ಜೋಡಿ. ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಅಂಡಾಣು, ವೀರ್ಯಾಣು ಎರಡೂ 46 ಹೊತ್ತು ತಂದರೆ ಮಗುವಿಗೆ 92 ಆಗಿಬಿಡುತ್ತದೆ, ಅಲ್ವಾ? ಅದಕ್ಕೇ ಮಿಯಾಸಿಸ್, ಅಂದರೆ ಈ ಲೆಕ್ಕವನ್ನು ಅರ್ಧಕ್ಕೆ ಇಳಿಸುವ ಕೋಶ ವಿಭಜನೆ. ಮೊದಲು ಪ್ರತಿ ಕ್ರೋಮೋಸೋಮಿಗೂ ಒಂದು ನಕಲು ತಯಾರಾಗುತ್ತದೆ. ಆಮೇಲೆ ಜೋಡಿಗಳು ಮೈಗೆ ಮೈ ತಾಗಿಸಿ ನಿಂತು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ಒಬ್ಬರ ಹಾಗೆ ಒಬ್ಬರಿಲ್ಲದಿರಲು ಇದೂ ಒಂದು ಕಾರಣ. ಮೊದಲ ವಿಭಜನೆಯಲ್ಲಿ ಜೋಡಿಗಳು ಬೇರೆಯಾಗುತ್ತವೆ, ಎರಡನೆಯದರಲ್ಲಿ ನಕಲುಗಳು.

ಗಂಡಿನಲ್ಲಿ ಒಂದು ಕೋಶದಿಂದ ನಾಲ್ಕು ವೀರ್ಯಾಣು. ಅಂಡಾಣು ಹಾಗೆ ಹಂಚುವುದಿಲ್ಲ. ಒಳಗಿನ ಸರಕನ್ನೆಲ್ಲ ಹೆಚ್ಚುಕಡಿಮೆ ತಾನೇ ಇಟ್ಟುಕೊಂಡು, ಪ್ರತಿ ಜೋಡಿಯಿಂದ ಒಂದೊಂದನ್ನು ಸಣ್ಣ ಗುಳ್ಳೆಯಲ್ಲಿ ಹೊರಗೆ ಹಾಕುತ್ತದೆ. ಗುಳ್ಳೆ ಕಂಡರೆ ಮೊದಲ ವಿಭಜನೆ ಮುಗಿದಿದೆ ಎಂದರ್ಥ. ಕಾಣದಿದ್ದರೆ ಸೂಜಿಯಿಂದ ಅಂಡಾಣುವಿನೊಳಗೆ ವೀರ್ಯಾಣು ಚುಚ್ಚಬಾರದು. ಅಂಡಾಣು ಎಷ್ಟು ಚೆನ್ನಾಗಿ ಕಂಡರೂ ಅಷ್ಟೇ.

ಇಷ್ಟೆಲ್ಲ ಶುರುವಾಗಿದ್ದು ಯಾವಾಗ ಗೊತ್ತಾ? ಅಂಡಾಣು ಯಾರದೋ ಆ ಹೆಂಗಸು ಇನ್ನೂ ತನ್ನ ಅಮ್ಮನ ಹೊಟ್ಟೆಯಲ್ಲಿದ್ದಾಗ. ಅಲ್ಲಿ ಅರ್ಧಕ್ಕೆ ನಿಂತ ವಿಭಜನೆ 30, 40 ವರ್ಷ ಹಾಗೇ ಕಾಯುತ್ತದೆ. ಅಷ್ಟು ಕಾಲ ಕ್ರೋಮೋಸೋಮುಗಳನ್ನು ಹಿಡಿದಿಟ್ಟ ಪ್ರೋಟೀನು ಸವೆಯುತ್ತಾ ಬರುತ್ತದೆ. ಹಿಡಿತ ಸಡಿಲವಾದರೆ ಹಂಚಿಕೆ ತಪ್ಪುತ್ತದೆ. 21ನೆಯದು ಒಂದು ಹೆಚ್ಚಾಗಿ ಉಳಿದರೆ ಡೌನ್ ಸಿಂಡ್ರೋಮ್. ಗರ್ಭ ನಿಲ್ಲದಿದ್ದಾಗ 'ನಾನೇನು ತಪ್ಪು ಮಾಡಿದೆ?' ಎಂದು ಕೇಳುವವರು ಜಾಸ್ತಿ. ಆ ಪ್ರಶ್ನೆ ಕೇಳಿದಾಗ ನನಗೆ ಸಂಕಟವಾಗುತ್ತದೆ. ಕ್ರೋಮೋಸೋಮ್ ಲೆಕ್ಕ ತಪ್ಪಿದ್ದರೆ ಅದು ನೀವು ಮೆಟ್ಟಿಲು ಹತ್ತಿದ್ದರಿಂದಲೋ ಏನೋ ತಿಂದಿದ್ದರಿಂದಲೋ ಆದದ್ದಲ್ಲ ಎಂದು ಈಗ ನಾನೇ ಕೂತು, ಚಿತ್ರ ಬರೆದು ಹೇಳುತ್ತೇನೆ.

ಆ ದಿನ ಅಂಡಾಣುವನ್ನು ಮತ್ತೆ ಇನ್‌ಕ್ಯುಬೇಟರಿನಲ್ಲಿಟ್ಟೆವು. ಮೂರು ಗಂಟೆ ಬಿಟ್ಟು ನೋಡಿದರೆ ಗುಳ್ಳೆ ಬಂದಿತ್ತು. ಅದನ್ನು ಗಡಿಯಾರದ 12ರ ಜಾಗಕ್ಕೆ ತಿರುಗಿಸಿ, 3ರ ಕಡೆಯಿಂದ ಸೂಜಿ ಹಾಕಿದೆವು. ಕ್ರೋಮೋಸೋಮುಗಳು ಸಾಮಾನ್ಯವಾಗಿ ಗುಳ್ಳೆಯ ಹತ್ತಿರವೇ ಇರುತ್ತವೆ, ಅವಕ್ಕೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಅದೇ ಅಂಡಾಣುವಿನ ಪಕ್ಕ ಎರಡು ಗುಳ್ಳೆಗಳಿದ್ದವು: ಎರಡನೆಯ ವಿಭಜನೆಯೂ ಮುಗಿದಿತ್ತು.