ಮೂವತ್ತು ಬೆಡ್ಡಿಗೆ ಎಷ್ಟು ಸಿಸ್ಟರ್?

ಮಂಗಳೂರಿನಲ್ಲಿ ಆಸ್ಪತ್ರೆಗೂ ಬರ ಇಲ್ಲ, ನರ್ಸಿಂಗ್ ಕಾಲೇಜಿಗೂ ಬರ ಇಲ್ಲ. ಆದ್ರೂ ಯಾವ ವಾರ್ಡಿಗೆ ಹೋದರೂ "ಬೆಲ್ ಒತ್ತಿ ಅರ್ಧ ಗಂಟೆ ಆಯ್ತು, ಸಿಸ್ಟರ್ ಬರ್ಲೇ ಇಲ್ಲ" ಅನ್ನುವ ದೂರು ತಪ್ಪಿದ್ದಲ್ಲ. ಇಷ್ಟು ಮಕ್ಕಳು ಕಲಿತು ಹೊರಗೆ ಬರ್ತಾರಲ್ಲ, ಎಲ್ಲಿಗೆ ಹೋಗ್ತಾರೆ ಮಾರಾಯ್ತಿ ಅಂತ ನೆಂಟರೆಲ್ಲ ನನ್ನನ್ನೇ ಕೇಳುತ್ತಾರೆ. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿ ಡ್ಯೂಟಿ ಲಿಸ್ಟ್ ಬರೆದವಳು ನಾನು. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಲೆಕ್ಕ ನೋಡಿ. ಜನರಲ್ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ನರ್ಸ್, ವೆಂಟಿಲೇಟರಿನಲ್ಲಿದ್ದರೆ ಒಬ್ಬರಿಗೆ ಒಬ್ಬರು ಅಂತ ಇಟ್ಟುಕೊಳ್ಳಿ. 30 ಬೆಡ್ಡಿನ ವಾರ್ಡಿಗೆ ಒಂದು ಶಿಫ್ಟಿಗೆ 5 ಜನ, ಮೂರು ಶಿಫ್ಟಿಗೆ 15. ಆಡಳಿತದವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಈ 15 ಜನರಿಗೂ ವಾರಕ್ಕೊಂದು ಆಫ್ ಬೇಕಲ್ವಾ? ಅದಕ್ಕೇ 18 ಆಯಿತು. ಮೇಲೆ ಜ್ವರ, ಮದುವೆ, ಬಾಣಂತನ. ರಜೆಗೆಂದು ಶೇಕಡಾ 30ರಷ್ಟು ಹೆಚ್ಚು ಜನ ಇಟ್ಟುಕೊಳ್ಳಿ ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುವುದು ಸುಮ್ನೆ ಅಲ್ಲ. ಅದನ್ನು ಬಿಟ್ಟರೆ ಯಾರೋ ಒಬ್ಬಳು ಡಬಲ್ ಡ್ಯೂಟಿ ಮಾಡುತ್ತಾಳೆ, ಮರುವಾರ ಅವಳೇ ಸಿಕ್ ಲೀವ್ ಹಾಕುತ್ತಾಳೆ.

ವಾರ್ಡಿನಲ್ಲಿರುವ ಹೆಚ್ಚಿನವರು ಇಪ್ಪತ್ತು-ಮೂವತ್ತರ ಹೆಣ್ಣುಮಕ್ಕಳು. 2017ರಿಂದ ಹೆರಿಗೆ ರಜೆ 26 ವಾರ, ಒಳ್ಳೆಯದೇ. ಆದರೆ ಆ 26 ವಾರಕ್ಕೆ ಬದಲಿ ಜನ ಕೊಡಿ ಅಂತ ಕೇಳಿದರೆ "ಅಡ್ಜಸ್ಟ್ ಮಾಡಿ ಸಿಸ್ಟರ್" ಅನ್ನುತ್ತಾರೆ.

ಇನ್ನು ಬೆಡ್ ಎಣಿಸುವ ರೀತಿ. ರಾತ್ರಿ 12ಕ್ಕೆ ಸೆನ್ಸಸ್, ಅಂದರೆ ವಾರ್ಡಿನ ರೋಗಿಗಳ ಲೆಕ್ಕ, ತೆಗೆದರೆ ಒಂದು ಬೆಡ್ಡಿಗೆ ಒಬ್ಬ ರೋಗಿ. ಬೆಳಿಗ್ಗೆ ಅದೇ ಬೆಡ್ಡಿನಿಂದ ಒಬ್ಬರು ಡಿಸ್ಚಾರ್ಜ್ ಆಗಿ, ಇನ್ಶೂರೆನ್ಸ್ ಅಪ್ರೂವಲ್ಲಿಗೆ ಕಾದು, ಮಧ್ಯಾಹ್ನ ಹೊಸ ಅಡ್ಮಿಷನ್ ಬಂದು, ಅವರ ರಕ್ತ ತೆಗೆದು, ಡ್ರಿಪ್ ಹಾಕಿ, ಕೇಸ್ ಶೀಟ್ ಬರೆದದ್ದು ಆ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಕೇಳಬೇಡಿ. ಮಲೇರಿಯಾ, ಡೆಂಗ್ಯೂ ಶುರುವಾದರೆ ವಾರ್ಡು ತುಂಬಿ ಎಕ್ಸ್‌ಟ್ರಾ ಬೆಡ್ ಬರುತ್ತದೆ, ಎಕ್ಸ್‌ಟ್ರಾ ಸಿಸ್ಟರ್ ಬರುವುದಿಲ್ಲ. ಆಯಾ, ವಾರ್ಡ್ ಬಾಯ್ ಕಡಿಮೆ ಇದ್ದ ದಿನ ಫಾರ್ಮಸಿಗೆ ಓಡುವುದೂ ನಾವೇ. ಸ್ಟೂಡೆಂಟ್ಸ್ ಪೋಸ್ಟಿಂಗ್ ಇರುವ ಕಡೆ ಬೆಳಿಗ್ಗೆ ಕೈ ಜಾಸ್ತಿ ಕಾಣುತ್ತದೆ, ಆದರೆ ಅವರಿಗೆ ಪರೀಕ್ಷೆ ಬಂದಾಗ ಗೊತ್ತಾಗುತ್ತದೆ ನಿಜವಾದ ಸ್ಟಾಫ್ ಎಷ್ಟು ಅಂತ.

ಎಲ್ಲಿಗೆ ಹೋಗ್ತಾರೆ ಅನ್ನುವ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ದುಬೈ, ಸೌದಿ, ಈಗ ಐರ್ಲೆಂಡ್, ಜರ್ಮನಿ. ನೈಟ್ ಡ್ಯೂಟಿ ಮುಗಿಸಿ ಜರ್ಮನ್ ಕ್ಲಾಸಿಗೆ ಹೋಗುವ ಹುಡುಗಿಯರು ನಮ್ಮಲ್ಲೂ ಇದ್ದರು. ಹೊರಗೆ ಹೋಗಲು ಹಲವು ಕಡೆ ಒಂದೆರಡು ವರ್ಷದ ಅನುಭವ ಕೇಳುವುದರಿಂದ, ಕೈ ಪಳಗಿತು ಅನ್ನುವಷ್ಟರಲ್ಲಿ ಹೊರಟೇಬಿಡುತ್ತಾರೆ. ಸಂಖ್ಯೆ ಸರಿ ಇದ್ದರೂ ವಾರ್ಡಿನಲ್ಲಿ ಉಳಿಯುವವರೆಲ್ಲ ಫ್ರೆಷರ್ಸ್. ನಾನು ಅವರನ್ನು ಬೈಯುವುದಿಲ್ಲ. 200ಕ್ಕಿಂತ ಜಾಸ್ತಿ ಬೆಡ್ ಇರುವ ಖಾಸಗಿ ಆಸ್ಪತ್ರೆಯಲ್ಲಿ ಸರಕಾರಿ ನರ್ಸಿನಷ್ಟೇ ಸಂಬಳ ಇರಬೇಕು, 50ಕ್ಕಿಂತ ಕಡಿಮೆ ಬೆಡ್ ಇದ್ದರೂ 20,000 ರೂಪಾಯಿ ಕೊಡಬೇಕು ಅಂತ 2016ರಲ್ಲೇ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಚನೆಯಾದ ಸಮಿತಿ ಶಿಫಾರಸು ಮಾಡಿತ್ತು. ಶಿಫಾರಸು ಕಾನೂನು ಅಲ್ವಲ್ಲ!

ಇದು ಬರೀ ನಮ್ಮ ಸುಸ್ತಿನ ವಿಷಯ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಆಪರೇಷನ್ ಆದವರನ್ನು ನೋಡಿ 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿಗೆ ಒಂದೊಂದು ರೋಗಿ ಜಾಸ್ತಿಯಾದ ಹಾಗೆ 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರಿತ್ತು. ನಮ್ಮಲ್ಲಿ ಆ ಕೊರತೆಯನ್ನು ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆ ಉಳಿಯುವವರು, ಮುಚ್ಚುತ್ತಾರೆ. ಡ್ರಿಪ್ ಖಾಲಿಯಾಯಿತು ಅಂತ ನೋಡುವುದು, ಮಗ್ಗುಲು ತಿರುಗಿಸುವುದು ಎಲ್ಲ ಮನೆಯವರೇ.

ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಅಂತ ಒಂದು ಸಾಲು ಇರುತ್ತದಲ್ಲ, ಆ ದಿನ ವಾರ್ಡಿನಲ್ಲಿ 5 ಜನ ಇದ್ದರೂ 3 ಜನ ಇದ್ದರೂ ಅದು ಅಷ್ಟೇ. ಅಡ್ಮಿಟ್ ಮಾಡುವಾಗ ರೂಮಿನಲ್ಲಿ ಎಸಿ ಉಂಟಾ, ಟಿವಿ ಉಂಟಾ ಅಂತ ವಿಚಾರಿಸುತ್ತೇವೆ. ರಾತ್ರಿ ಈ ವಾರ್ಡಿಗೆ ಎಷ್ಟು ಜನ ಸಿಸ್ಟರ್ ಇರ್ತಾರೆ ಅಂತಲೂ ಒಮ್ಮೆ ಕೇಳಿ ನೋಡಿ. ಕೌಂಟರಿನವರಿಗೆ ಉತ್ತರ ಗೊತ್ತಿರುವುದಿಲ್ಲ, ವಾರ್ಡಿಗೇ ಫೋನ್ ಮಾಡಿಸಿ.