ಕಲಿಕಾ ಶೈಲಿಗೂ ಅಂಕಗಳಿಗೂ ಸಂಬಂಧ ಇದೆಯೇ?

ವಿಜಯಪುರದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಇಂಟರ್ನಲ್ ಪರೀಕ್ಷೆಯ ಅಂಕಗಳು ಹೊರಬಿದ್ದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ: “ಸರ್, ನಾ ನೋಡಿ ಕಲಿಯಾಂವ ರೀ, ಬರೇ ಕೇಳಿದ್ರ ತಲಿಗೆ ಹತ್ತೂದಿಲ್ಲ. ಅದಕ್ಕ ಮಾರ್ಕ್ಸ್ ಕಡಿಮಿ ಬೀಳಾಕತ್ತಾವೇನ್ರಿ?” ಈಚೆಗೆ ಪಾಲಕರೂ ಇದನ್ನೇ ಕೇಳತೊಡಗಿದ್ದಾರೆ. ಕಾರಣ ಅದಲ್ಲ ಎಂಬುದೇ ನನ್ನ ಉತ್ತರ.

ನೋಡಿ, ಕೇಳಿ, ಓದಿ-ಬರೆದು, ಕೈಯಾರೆ ಮಾಡಿ ಕಲಿಯುವವರು ಎಂಬ ವಿಂಗಡಣೆ ಜನಪ್ರಿಯವಾದದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ರೂಪಿಸಿದ ‘ವಾರ್ಕ್’ ಪ್ರಶ್ನಾವಳಿಯಿಂದ. ವಿದ್ಯಾರ್ಥಿಗಳಿಗೆ ಇಂಥ ಒಲವುಗಳಿರುವುದು ನಿಜ. ಆದರೆ ಒಲವಿಗೆ ತಕ್ಕಂತೆ ಕಲಿಸಿದರೆ ಅಂಕ ಏರುತ್ತದೆ ಎಂಬುದು ಬೇರೆಯೇ ಮಾತು. ಅದನ್ನು ಸಾಧಿಸಬೇಕಾದರೆ, ಒಂದೇ ಪಾಠವನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂಬ ಎರಡೂ ಬಗೆಯವರಿಗೆ ಚಿತ್ರದಲ್ಲೂ ಮಾತಿನಲ್ಲೂ ಕಲಿಸಿ, ‘ನೋಡುವವರು’ ಚಿತ್ರದಿಂದಲೂ ‘ಕೇಳುವವರು’ ಮಾತಿನಿಂದಲೂ ಹೆಚ್ಚು ಅಂಕ ಪಡೆದರೆಂದು ತೋರಿಸಬೇಕು. ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದಾಗ ಅಂಥ ತಕ್ಕ ಪುರಾವೆ ಸಿಗಲಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಓದುತ್ತಿದ್ದವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ, ಹೆಚ್ಚಿನವರು ತಮ್ಮ ಶೈಲಿಗೆ ತಕ್ಕಂತೆ ಓದಿಯೇ ಇರಲಿಲ್ಲ. ಓದಿದವರಿಗೂ ಅದರಿಂದ ಹೆಚ್ಚಿನ ಅಂಕ ಬಂದಿರಲಿಲ್ಲ.

ಹೇಗೆ ಕಲಿಯಬೇಕೆಂಬುದನ್ನು ಬಹುಮಟ್ಟಿಗೆ ವಿಷಯವೇ ನಿರ್ಧರಿಸುತ್ತದೆ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಪ್ರತಿಧ್ವನಿಯನ್ನು ಎಲ್ಲರೂ ಕಿವಿಯಿಂದಲೇ ಅರಿಯಬೇಕು, ಆ ಧ್ವನಿ ದುಂಡನೆಯ ಗೋಡೆಗುಂಟ ಸಾಗುವ ದಾರಿಯನ್ನು ಎಲ್ಲರೂ ಚಿತ್ರ ಬರೆದೇ ತಿಳಿಯಬೇಕು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಬ್ರಿಜ್ ರೆಕ್ಟಿಫೈಯರ್ (ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಸರ್ಕ್ಯೂಟ್) ಪಾಠದ ನೋಟ್ಸ್ ತೋರಿಸಿದಳು. ಸಾಲುಸಾಲಿಗೂ ಹಳದಿ ಹೈಲೈಟರ್. ಯೂಟ್ಯೂಬ್ ವಿಡಿಯೋ ಎಷ್ಟು ಸಲ ನೋಡಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಪುಸ್ತಕ ಮುಚ್ಚಿಸಿ ಸರ್ಕ್ಯೂಟ್ ಬರೆಯಲು ಹೇಳಿದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕೂ ಡಯೋಡುಗಳು ತಮ್ಮ ಜಾಗದಲ್ಲೇ ಇದ್ದವು, ಆದರೆ ಎರಡರ ಮುಖ ತಿರುವುಮುರುವಾಗಿತ್ತು. ನೋಡಿದ್ದು ಪರಿಚಿತವೆನಿಸುವುದಕ್ಕೂ ನೆನಪಿನಿಂದ ಬರೆಯಲು ಬರುವುದಕ್ಕೂ ಇರುವ ಅಂತರ ಇಷ್ಟೇ, ಪರೀಕ್ಷೆ ಅಳೆಯುವುದೂ ಇದನ್ನೇ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದೂ ಇದೇ: ಐದು ನಿಮಿಷದ ಬಳಿಕ ಕೇಳಿದರೆ ಮರಳಿ ಓದಿದವರದ್ದು ಮೇಲುಗೈ, ವಾರದ ಬಳಿಕ ಕೇಳಿದರೆ ನೆನಪಿನಿಂದ ಬರೆದು ನೋಡಿಕೊಂಡವರದ್ದು. ಹಾಗಾಗಿ ಓದನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಗುಡ್ಡೆ ಹಾಕದೆ, ದಿನಗಳ ಅಂತರ ಬಿಟ್ಟು, ಪುಸ್ತಕ ಮುಚ್ಚಿ ಬರೆಯಿರಿ ಎನ್ನುತ್ತೇನೆ. ಇದು ಯಾರಿಗೂ ಇಷ್ಟವಾಗುವ ಸಲಹೆಯಲ್ಲ, ಹೈಲೈಟರ್ ಎಳೆಯುವ ಸುಖ ಇದರಲ್ಲಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಶೈಲಿಯ ಹೆಸರಿನಲ್ಲಿ ಅಡಗಿರುತ್ತದೆ. ಇಂಡಿ, ಸಿಂದಗಿಯ ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದವರಿಗೆ ಇಂಗ್ಲಿಷ್ ಉಪನ್ಯಾಸ ತಲೆಗೆ ಹತ್ತದಿದ್ದರೆ ಅವರು ‘ಕೇಳಿ ಕಲಿಯುವವರಲ್ಲ’ ಎಂದು ಅರ್ಥವಲ್ಲ. ಆದ್ದರಿಂದ ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಆ ಪಾಠವನ್ನು ಕನ್ನಡದಲ್ಲಿ ಹೇಳಲು ತಿಳಿಸುತ್ತೇನೆ. ಸಲೀಸಾಗಿ ಹೇಳಿದರೆ ಕಲಿಸಬೇಕಾದದ್ದು ಇಂಗ್ಲಿಷ್ ಉತ್ತರ ಬರೆಯುವುದನ್ನು, ತಡವರಿಸಿದರೆ ಭೌತಶಾಸ್ತ್ರವನ್ನೇ.