ಕಬ್ಬಿನ ಗಣ್ಣಿನಂಥ ತಂತಿ

ಮಗಳ ಹಲ್ಲಿನ ಕ್ಲಿಪ್ಪಿಗೆ ಹೊಸ ತಂತಿ ಹಾಕಿಸಿದ ದಿನ ಹಳೆಯದನ್ನು ವೈದ್ಯರಿಂದ ಕೇಳಿ ತಂದೆ. ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ತಂತಿ ಅದು. ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ಊಟದ ನಂತರ ಪೆನ್ಸಿಲ್ಲಿಗೆ ಬಿಗಿಯಾಗಿ ಸುತ್ತಿ ಬಿಟ್ಟೆ. ಮರುಕ್ಷಣವೇ ಲಾಳದ ಆಕಾರಕ್ಕೆ ಮರಳಿತು. ಅಷ್ಟೇ ದಪ್ಪದ ಉಕ್ಕಿನ ತಂತಿಯನ್ನು ಸುತ್ತಿದರೆ ಸುರುಳಿಯಾಗಿಯೇ ಉಳಿಯಿತು.

‘ಅಪ್ಪಾ, ಇದು ಸ್ಪ್ರಿಂಗಾ?’ ಎಂದಳು.

ಅಲ್ಲ. ಸ್ಪ್ರಿಂಗಿನಲ್ಲಿ ಪರಮಾಣುಗಳ ನಡುವಿನ ಅಂತರ ಚೂರು ಹಿಗ್ಗುತ್ತದೆ, ಅಷ್ಟೆ. ಇಲ್ಲಿ ಎಳೆತ ಒಂದು ಮಿತಿ ದಾಟಿದ ಕೂಡಲೇ ಹರಳಿನ ಜೋಡಣೆಯೇ ಓರೆಯಾಗಿ ವಾಲುತ್ತದೆ: ಆಸ್ಟೆನೈಟ್ ಎಂಬ ಮೊದಲಿನ ಜೋಡಣೆ ಹೋಗಿ ಮಾರ್ಟೆನ್ಸೈಟ್ ಎಂಬ ಓರೆ ಜೋಡಣೆ ಆಗುತ್ತದೆ. ಕೈಬಿಟ್ಟರೆ ಮೊದಲಿನ ಜೋಡಣೆಗೇ ಹೊರಳುತ್ತದೆ. ನಿಟಿನಾಲ್ ಹೀಗೆ ಶೇ 8ರಷ್ಟು ಹಿಗ್ಗಿಯೂ ಹಿಂದಿರುಗಬಲ್ಲದು.

ಉದ್ಯಮಬಾಗದ ಫೌಂಡ್ರಿಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಎರಕದ ತುಂಡುಗಳನ್ನು ಉಜ್ಜಿ, ಆಮ್ಲ ಹಚ್ಚಿ, ಸೂಕ್ಷ್ಮದರ್ಶಕದಡಿ ನೋಡುತ್ತಿರುವ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಈ ತಂತಿಯ ದಾಯಾದಿ: ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಸೇರಿದ ಮಿಶ್ರಲೋಹ. 1996ರಲ್ಲಿ ವಿಜ್ಞಾನಿ ಉಲ್ಲಕ್ಕೊ ಮತ್ತು ಸಂಗಡಿಗರು ಇದರ ಒಂಟಿ ಹರಳು, ಅಂದರೆ ಇಡೀ ತುಂಡೇ ಒಂದು ಹರಳಾದದ್ದು, ಕಾಂತಕ್ಷೇತ್ರದಲ್ಲೇ ಉದ್ದ ಬದಲಿಸುವುದನ್ನು ತೋರಿಸಿದರು. ಆಗ ಸಿಕ್ಕಿದ್ದು ಶೇ 0.2 ಮಾತ್ರ. ಕೆಲವೇ ವರ್ಷಗಳಲ್ಲಿ ಅದು ಶೇ 6 ದಾಟಿತು. ಕಾಯಿಸಿ ತಣಿಸುವ ತಡವಿಲ್ಲದೆ, ಕಾಂತದ ವೇಗದಲ್ಲಿ ಚಲಿಸುವ ಲೋಹ!

ಆದರೆ ಎರಕ ಹೊಯ್ದರೆ ಹಲವು ಹರಳು ಕೂಡಿ ಇದು ಹಪ್ಪಳ. ಒಂದೊಂದು ಹರಳೂ ತನ್ನ ದಿಕ್ಕಿಗೆ ಹಿಗ್ಗಲು ಹೋಗಿ ಪಕ್ಕದ್ದನ್ನು ಒತ್ತುತ್ತದೆ, ಮೂರು ಹರಳು ಕೂಡುವ ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ಪರಿಹಾರ ಸಿಕ್ಕಿದ್ದು ತೆಳುವಾಗಿಸುವುದರಲ್ಲಿ. 1924ರಲ್ಲಿ ಟೇಲರ್ ವಿವರಿಸಿದ ಹಳೆಯ ವಿಧಾನವೇ ಸಾಕಾಯಿತು: ಗಾಜಿನ ಕೊಳವೆಯೊಳಗೆ ಲೋಹ ಕರಗಿಸಿ, ಮೆತ್ತಗಾದ ಗಾಜಿನ ಸಮೇತ ಕೂದಲೆಳೆಯಷ್ಟು ತೆಳ್ಳಗೆ ಎಳೆಯುವುದು. ಆಮೇಲೆ ಹದವಾಗಿ ಕಾಯಿಸಿದರೆ ಹರಳುಗಳು ತಂತಿಯ ಅಡ್ಡಗಲವನ್ನೆಲ್ಲ ತುಂಬುವಷ್ಟು ಬೆಳೆಯುತ್ತವೆ. ಹರಳು ಹರಳಿನ ನಡುವೆ ಅಡ್ಡಲಾಗಿ ಒಂದೊಂದೇ ಗೆರೆ, ಥೇಟ್ ಕಬ್ಬಿನ ಜಲ್ಲೆಯ ಗಣ್ಣು. ಪುಸ್ತಕಗಳು ಬಿದಿರಿಗೆ ಹೋಲಿಸುತ್ತವೆ. ನಮ್ಮ ಸೀಮೆಯವರಿಗೆ ಕಬ್ಬೇ ಸರಿ. ಮೂರು ಹರಳು ಕೂಡುವ ಮೂಲೆಯೇ ಅಲ್ಲಿಲ್ಲ. ಸುತ್ತಲೂ ಬಯಲು ಮೇಲ್ಮೈ, ಹಿಗ್ಗಲು ಜಾಗವಿದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮರಳುತ್ತದೆ.

ಹರಳು ಸಣ್ಣದಾದಷ್ಟೂ ಲೋಹ ಗಟ್ಟಿ ಎಂದು ನಾನು ಎಷ್ಟು ಹುಡುಗರಿಗೆ ಕಲಿಸಿದ್ದೇನೋ. ಇಲ್ಲಿ ದೊಡ್ಡ ಹರಳೇ ತಂತಿಯನ್ನು ಉಳಿಸುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಿಶ್ರಣದ ಪಾಲೂ ಅಷ್ಟೇ ಸೂಕ್ಷ್ಮ. ಎರಡು ಪಾಲು ನಿಕಲ್ಲಿಗೆ ಒಂದೊಂದು ಪಾಲು ಮ್ಯಾಂಗನೀಸ್, ಗ್ಯಾಲಿಯಂ ಇದ್ದರೆ ತಣಿಯುವಾಗ ಹರಳಿನ ಜೋಡಣೆ ಬದಲಾಗುವುದು ಸುಮಾರು ಮೈನಸ್ 71 ಡಿಗ್ರಿಯಲ್ಲಿ. ನಿಕಲ್ ತುಸು ಹೆಚ್ಚಿಸಿದರೆ ಅದು ಬೆಳಗಾವಿಯ ಮಧ್ಯಾಹ್ನದ ಬಿಸಿಯನ್ನೂ ದಾಟಿ ಮೇಲೇರುತ್ತದೆ. ಆಗ ಎಳೆದ ತಂತಿ ಎಳೆದಂತೆಯೇ ಉಳಿಯುತ್ತದೆ, ಮರಳಬೇಕಾದರೆ ಕಾಯಿಸಬೇಕು.

ಮಗಳ ತಂತಿ ಈಗ ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣದಲ್ಲಿದೆ. ನಾಳೆ ಒಂದು ತುದಿಯನ್ನು ಉಜ್ಜಿ ಸೂಕ್ಷ್ಮದರ್ಶಕದಡಿ ಇಡುತ್ತೇನೆ. ಅವಳೂ ಬರುತ್ತೇನೆ ಎಂದಿದ್ದಾಳೆ.